ಎಂಜಿನಿಯರುಗಳ ತಲೆಲೆಕ್ಕ

ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಕೆಲವು ವರ್ಷದ ಹಿಂದೆ ಒಂದು ಸಭೆ ನಡೆಯಿತು. ಇಪ್ಪತ್ತು ವರ್ಷದ ನಂತರ ನಮ್ಮ ಜಿಲ್ಲೆ ಹೇಗಿರಬೇಕು ಎಂಬುದು ವಿಷಯ. ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತೆಂಟು ವರ್ಷ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತನಾದವನು ಎಂಬ ಕಾರಣಕ್ಕೆ ನನಗೂ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸಿಕ್ಕಿತ್ತು. ಬೆಂಗಳೂರಿನಿಂದ ಬಂದಿದ್ದ ಸಲಹೆಗಾರರು ಪರದೆಯ ಮೇಲೆ ಎರಡು ಕಂಬ ಎಬ್ಬಿಸಿದರು. ದುಡಿಯುವ ನೂರು ಜನರಲ್ಲಿ ವಿಜ್ಞಾನಿಗಳು, ಎಂಜಿನಿಯರುಗಳು, ಸಾಫ್ಟ್‌ವೇರಿನವರು ಸೇರಿ ಎಷ್ಟು ಎಂಬ ಲೆಕ್ಕ ಅದು. ಬೆಂಗಳೂರಿನ ಕಂಬ ಮೊಳದುದ್ದ, ನಮ್ಮದು ಬೆರಳುದ್ದ. ಸಭೆಗೆ ಸಭೆಯೇ ನಿಟ್ಟುಸಿರುಬಿಟ್ಟಿತು. ಪರಿಹಾರ ಮುಂದಿನ ಪರದೆಯಲ್ಲೇ ಇತ್ತು: ಇನ್ನೆರಡು ಎಂಜಿನಿಯರಿಂಗ್ ಕಾಲೇಜು. ಅಡಿಕೆ ಬೆಳೆಗಾರರ ಪರವಾಗಿ ಬಂದಿದ್ದ ಹಿರಿಯರೊಬ್ಬರು ಎದ್ದು, "ಅಷ್ಟು ಜನ ಓದಿ ಬಂದ್ರೆ ಅವರಿಗೆ ಇಲ್ಲಿ ಕೆಲಸ ಏನು ಸ್ವಾಮಿ?" ಎಂದರು. "ಮೊದಲು ಪ್ರತಿಭೆ ತಯಾರಾಗಲಿ ಸರ್, ಕಂಪನಿಗಳು ತಾವಾಗೇ ಹುಡುಕ್ಕೊಂಡು ಬರ್ತವೆ" ಎಂಬ ಉತ್ತರ ಬಂತು. ಚಪ್ಪಾಳೆಯಾಯಿತು. ಊಟಕ್ಕೆ ಬಿಟ್ಟರು.

ಆ ಸಲಹೆಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದನ್ನೇ ಮಂತ್ರಿಗಳು ಹೇಳುತ್ತಾರೆ, ಉದ್ಯಮಿಗಳ ಸಂಘಗಳು ಹೇಳುತ್ತವೆ, ಸಿಇಟಿ ಕೋಚಿಂಗ್ ಕೇಂದ್ರದ ಹೊರಗೆ ಸ್ಕೂಟರಿನ ಮೇಲೆ ಕೂತು ಮಗಳಿಗಾಗಿ ಕಾಯುವ ಅಪ್ಪಂದಿರೂ ಹೇಳುತ್ತಾರೆ. ಒಂದು ಪ್ರದೇಶದ ದುಡಿಮೆಗಾರರಲ್ಲಿ ವಿಜ್ಞಾನಿ-ಎಂಜಿನಿಯರುಗಳ ಪಾಲು ಹೆಚ್ಚಿದ್ದಷ್ಟೂ ಆ ಪ್ರದೇಶ ಮುಂದುವರಿದಿದೆ, ಪಾಲು ಏರಿಸಿದರೆ ಮಿಕ್ಕದ್ದೆಲ್ಲ ಹಿಂದೆಯೇ ಬರುತ್ತದೆ ಎಂಬ ನಂಬಿಕೆ ಈ ಕಾಲದ ಪಂಚಾಂಗವಾಗಿದೆ. ಎಲ್ಲರೂ ಅದರಂತೆ ಮುಹೂರ್ತ ಇಡುತ್ತಾರೆ, ಯಾರೂ ಅದರ ಗಣಿತ ಸರಿನೋಡುವುದಿಲ್ಲ. ನನ್ನ ಮಾತು ಇಷ್ಟೇ. ಆ ಪಾಲು ಮರದ ನೆರಳು. ನೆರಳಿಗೆ ನೀರು ಹೊಯ್ದರೆ ಮರ ಬೆಳೆಯುವುದಿಲ್ಲ. ಮೇಲಾಗಿ ಹೊತ್ತು ಇಳಿದಾಗ ಒಣಗುತ್ತಿರುವ ಮರದ ನೆರಳೂ ಉದ್ದವಾಗುತ್ತದೆ.

ಮೊದಲು ಎಣಿಕೆಯನ್ನೇ ನೋಡೋಣ. ಯಾರ ಕಸುಬು ಯಾವುದು ಎಂದು ಗುರುತಿಸಲು ನಮ್ಮ ದೇಶದಲ್ಲಿ ರಾಷ್ಟ್ರೀಯ ವೃತ್ತಿ ವರ್ಗೀಕರಣ ಎಂಬ ಪುಸ್ತಕವಿದೆ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣವನ್ನು ನೋಡಿಕೊಂಡು ಬರೆದದ್ದು. 2004ರ ಆವೃತ್ತಿಯಲ್ಲಿ ಕಂಪ್ಯೂಟರಿನವರು ಭೌತವಿಜ್ಞಾನ, ಗಣಿತ, ಎಂಜಿನಿಯರಿಂಗ್ ವೃತ್ತಿಪರರ ಜೊತೆಗೆ 21ನೇ ಗುಂಪಿನಲ್ಲಿದ್ದರು. 2015ರ ಆವೃತ್ತಿ ಬಂದಾಗ ವಿಜ್ಞಾನ-ಎಂಜಿನಿಯರಿಂಗ್ 21ರಲ್ಲೇ ಉಳಿಯಿತು, ಕಂಪ್ಯೂಟರಿನವರಿಗೆ 25 ಎಂಬ ಬೇರೆ ಮನೆ ಸಿಕ್ಕಿತು. ಒಬ್ಬ ಪ್ರೋಗ್ರಾಮರೂ ಕುರ್ಚಿ ಬಿಟ್ಟು ಏಳಲಿಲ್ಲ, ಲಕ್ಷಗಟ್ಟಲೆ ಜನ ಮಾತ್ರ ರಾತ್ರೋರಾತ್ರಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋದರು. ಹಾಗಾಗಿ ಯಾರಾದರೂ ನಿಮ್ಮ ಮುಂದೆ ಇಂಥ ಕಂಬ ನಿಲ್ಲಿಸಿದರೆ 21 ಮಾತ್ರವೋ, 25 ಸೇರಿಸಿದ್ದೋ ಎಂದು ಮೊದಲು ಕೇಳಿ. ಬೆಂಗಳೂರಿನ ಮಟ್ಟಿಗಂತೂ ಕಂಬದ ಎತ್ತರವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ.

ಇದಕ್ಕಿಂತ ದೊಡ್ಡ ಎಡವಟ್ಟು ಕೆಳಗಿದೆ. 21 ಮತ್ತು 25 ವೃತ್ತಿಪರರ ಗುಂಪುಗಳು. ಡಿಪ್ಲೊಮಾ ಓದಿ ಸರ್ವೆ ಮಾಡುವವನು, ಪ್ರಯೋಗಶಾಲೆಯಲ್ಲಿ ಉಪಕರಣ ನೋಡಿಕೊಳ್ಳುವವಳು ಸಹಾಯಕ ವೃತ್ತಿಪರರು, ಅವರ ಗುಂಪು 31. ಲೇತಿನ ಮುಂದೆ ನಿಂತು ಉಕ್ಕನ್ನು ಮೈಕ್ರಾನ್ ಲೆಕ್ಕದಲ್ಲಿ ಸವೆಸುವವನು ಇನ್ನೂ ಕೆಳಗೆ, ಕುಶಲಕರ್ಮಿಗಳ ಜೊತೆ; ಟೂಲ್‌ಮೇಕರ್‌ಗೆ 7222 ಎಂಬ ಸಂಕೇತ. 2004ರ ಪುಸ್ತಕ ಈ ಮೇಲು-ಕೀಳನ್ನು ಮುಚ್ಚಿಟ್ಟಿರಲೂ ಇಲ್ಲ: ಎಷ್ಟು ವರ್ಷ ಶಾಲೆ-ಕಾಲೇಜಿನಲ್ಲಿ ಕೂತಿದ್ದೀರಿ ಎಂಬುದೇ ಕೌಶಲದ ಅಳತೆಗೋಲು. ಹದಿನೈದು ವರ್ಷ ಮೀರಿ ಓದಿದವರು ಮೇಲಿನ ಮೆಟ್ಟಿಲು, ಹತ್ತರೊಳಗೆ ಬಿಟ್ಟವರು ಕೆಳಗಿನ ಮೆಟ್ಟಿಲು. ಕೈ ಏನು ಮಾಡುತ್ತದೆ ಎಂಬುದು ಆಮೇಲಿನ ಮಾತು.

ಪೀಣ್ಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ವರ್ಕ್‌ಶಾಪ್ ಇದೆ. ಐಟಿಐ ಮುಗಿಸಿ ಬಂದವನು, ಕೆಲಸ ಮಾಡುತ್ತಲೇ ಸಂಜೆ ತರಗತಿಯಲ್ಲಿ ಡಿಪ್ಲೊಮಾಕ್ಕೆ ಕೂತಿದ್ದ, ಗಣಿತದಲ್ಲಿ ಎರಡು ಸಲ ಬಿದ್ದು ಬಿಟ್ಟುಬಿಟ್ಟ. ಈಗ ಆರು ಯಂತ್ರ ಇಟ್ಟುಕೊಂಡು ಪ್ರೆಸ್ ಟೂಲ್ ಮಾಡಿಕೊಡುತ್ತಾನೆ. ಕಳೆದ ಸಲ ಹೋದಾಗ ಒಂದು ಡ್ರಾಯಿಂಗ್ ನನ್ನ ಮುಂದೆ ಹರಡಿದ. "ನೋಡಿ ಸಾರ್, ಪಾಕೆಟ್ಟಿನ ಒಳಮೂಲೆ ನಾಲ್ಕೂ ಚೂಪಾಗಿರಬೇಕು ಅಂತ ಬರೆದವ್ರೆ. ತಿರುಗೋ ಕಟರು ಚೂಪು ಮೂಲೆ ಕೊರೆಯೋದು ಹೆಂಗೆ?" ನಾನು ನಕ್ಕೆ. ದುಂಡಗಿನ ಕಟರ್ ಓಡಿದಲ್ಲಿ ಮೂಲೆ ದುಂಡಗೇ ಆಗುತ್ತದೆ. ಅದಕ್ಕೆ ಡ್ರಾಯಿಂಗಿನಲ್ಲೇ ರೇಡಿಯಸ್ ಕೊಡಬೇಕು, ಇಲ್ಲವೆ ಸ್ಪಾರ್ಕ್ ಎರೋಷನ್ನಿಗೆ ಹಾಕಿ ಮೂರು ಪಟ್ಟು ಖರ್ಚು ಮಾಡಬೇಕು. ಅವನು ಹೊರವರ್ತುಲ ರಸ್ತೆಯ ಆಫೀಸೊಂದಕ್ಕೆ ಫೋನು ಮಾಡಿ ಆ ಡ್ರಾಯಿಂಗ್ ಬರೆದ ಹುಡುಗನಿಗೆ ಹತ್ತು ನಿಮಿಷ ಪಾಠ ಹೇಳಿದ. ಬಯ್ಯದೆ, ಗದರದೆ, "ತಮ್ಮಾ, ಒಂದ್ಸಲ ಶಾಪಿಗೆ ಬಂದ್ಹೋಗಪ್ಪ" ಎಂದ. ಲೆಕ್ಕದ ಪುಸ್ತಕದಲ್ಲಿ ಫೋನಿನ ಆ ತುದಿಯ ಹುಡುಗ ವಿಜ್ಞಾನ-ತಂತ್ರಜ್ಞಾನದ ದುಡಿಮೆಗಾರ. ಈ ತುದಿಯವನು ಅಲ್ಲ.

ಇದು ನಮ್ಮ ಪುಸ್ತಕದ ದೋಷ ಮಾತ್ರ ಎಂದುಕೊಳ್ಳಬೇಡಿ. ರಾಜ್ಯ ರಾಜ್ಯಗಳ ವಿಜ್ಞಾನಿ-ಎಂಜಿನಿಯರುಗಳ ಪಾಲನ್ನು ಹೋಲಿಸಿ ಪಟ್ಟಿ ಮಾಡುವ ಚಟ ಅಮೆರಿಕದ್ದು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ದಶಕಗಳಿಂದ ಆ ಪಟ್ಟಿ ಮಾಡುತ್ತ ಬಂದಿದೆ. ಹಳೆಯ ಲೆಕ್ಕದಲ್ಲಿ ಇಡೀ ದೇಶದ ದುಡಿಮೆಗಾರರಲ್ಲಿ ವಿಜ್ಞಾನಿ-ಎಂಜಿನಿಯರುಗಳ ಪಾಲು ನೂರಕ್ಕೆ ಐದರ ಆಸುಪಾಸು. ಆಮೇಲೆ ಪ್ರತಿಷ್ಠಾನಕ್ಕೇ ಅನುಮಾನ ಬಂತು: ವಿದ್ಯುತ್ ಕೆಲಸದವರು, ಯಂತ್ರ ರಿಪೇರಿಯವರು, ಆಸ್ಪತ್ರೆಯ ಉಪಕರಣ ನಡೆಸುವವರು ದಿನವೂ ವಿಜ್ಞಾನದ ತಿಳಿವಳಿಕೆಯಿಂದಲೇ ದುಡಿಯುತ್ತಾರಲ್ಲ? ಅವರನ್ನೂ ಸೇರಿಸಿ ಎಣಿಸಿದಾಗ 2019ರ ಪಾಲು ನೂರಕ್ಕೆ 23 ಆಯಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಪದವಿಯೇ ಇಲ್ಲ. ಐದೂ ಇಪ್ಪತ್ಮೂರೂ ಒಂದೇ ದೇಶದ ಅಂಕಿ. ಇಷ್ಟು ಸಡಿಲವಾದ ಗಜಕಡ್ಡಿ ಹಿಡಿದು ಯಾದಗಿರಿಗೂ ಬೆಂಗಳೂರಿಗೂ ಅಂತರ ಅಳೆಯುತ್ತೇವೆ ಎಂದರೆ ಬಟ್ಟೆ ಅಂಗಡಿಯ ಶೆಟ್ಟರೂ ಒಪ್ಪುವುದಿಲ್ಲ.

ಇನ್ನೊಂದು ತುದಿಯೂ ಇದೆ. 1995ರಲ್ಲಿ ಶ್ರೀಮಂತ ದೇಶಗಳ ಕೂಟ ಹೊರತಂದ ಕ್ಯಾನ್‌ಬೆರಾ ಕೈಪಿಡಿಯ ಪ್ರಕಾರ ವಿಜ್ಞಾನ-ತಂತ್ರಜ್ಞಾನದ ಉನ್ನತ ಓದು ಮುಗಿಸಿದವರು ಯಾವ ಕೆಲಸದಲ್ಲಿದ್ದರೂ ವಿಜ್ಞಾನ-ತಂತ್ರಜ್ಞಾನದ ಮಾನವ ಸಂಪನ್ಮೂಲವೇ. ಬಿ.ಇ. ಮುಗಿಸಿ ಊಟದ ಪೊಟ್ಟಣ ಹೊತ್ತು ಬೈಕ್ ಓಡಿಸುವವನು ಆ ಲೆಕ್ಕಕ್ಕೆ ಸೇರುತ್ತಾನೆ. 2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಸಂಬಳದ ಜಗಳ ಗಲಭೆಯಾದಾಗ, ಅಲ್ಲಿ ಗುತ್ತಿಗೆ ಮೇಲೆ ಜೋಡಣೆ ಸಾಲಿನಲ್ಲಿ ನಿಂತವರಲ್ಲಿ ಎಂಜಿನಿಯರಿಂಗ್ ಪದವೀಧರರೂ ಇದ್ದರು, ಹೇಳಿದ ಸಂಬಳ ಕೊಟ್ಟಿರಲಿಲ್ಲ ಎಂದು ಪತ್ರಿಕೆಗಳಲ್ಲಿ ಬಂತು. ಅವರಿಂದಲೂ ಕಂಬ ಎತ್ತರವಾಗುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

ಇದು ಅಂಶದ ಕತೆ. ಛೇದದ ಕತೆ ಇದಕ್ಕಿಂತ ಕಹಿ, ಅದನ್ನು ಯಾವ ಸಭೆಯಲ್ಲೂ ಯಾರೂ ಎತ್ತುವುದಿಲ್ಲ. ಒಂದು ಊರಿನಲ್ಲಿ ಸಾವಿರ ಜನ ದುಡಿಯುತ್ತಾರೆ, ಅವರಲ್ಲಿ ಐವತ್ತು ಮಂದಿ ಎಂಜಿನಿಯರುಗಳು ಎನ್ನಿ. ಪಾಲು ನೂರಕ್ಕೆ ಐದು. ಊರಿನ ದೊಡ್ಡ ಕಾರ್ಖಾನೆ ಮುಚ್ಚಿ ಇನ್ನೂರು ಜನ ಬೀದಿಗೆ ಬಿದ್ದರು, ಅದರಲ್ಲಿ ಐವರು ಎಂಜಿನಿಯರುಗಳು. ಉಳಿದದ್ದು ಎಂಟುನೂರರಲ್ಲಿ ನಲವತ್ತೈದು. ಪಾಲು ಐದೂವರೆ ದಾಟಿತು! ಊರು ಹಾಳಾಯಿತು, ಕಂಬ ಬೆಳೆಯಿತು. ಇದು ಬರೀ ಹಲಗೆಯ ಮೇಲಿನ ಗಣಿತವಲ್ಲ. 2001ರ ಫೆಬ್ರವರಿ ಕೊನೆಯ ದಿನ ಕೋಲಾರದ ಚಿನ್ನದ ಗಣಿ ಮುಚ್ಚಿತು. ಅದೇ ದಶಕದ ಆರಂಭದಲ್ಲಿ ಬೆಂಗಳೂರಿನ ಎನ್‌ಜಿಇಎಫ್ ಕಾರ್ಖಾನೆ ನಿಂತಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾಗಿ ಒಂದು ಕಾಲಕ್ಕೆ ಪ್ರತಿ ಮದುವೆ ಗಂಡಿನ ಮಣಿಕಟ್ಟಿನಲ್ಲಿದ್ದ ಎಚ್‌ಎಂಟಿ ಗಡಿಯಾರದ ಘಟಕವನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಭದ್ರಾವತಿಯ ಕಾಗದದ ಕಾರ್ಖಾನೆಯ ಹೊಗೆಯೂ ನಿಂತಿತು. ಗಡಿಯಾರದ ಸಣ್ಣ ಹಲ್ಲಿನ ಗಾಲಿಗಳನ್ನು ಕಣ್ಣಿಗೆ ಲೂಪ್ ಹಾಕಿಕೊಂಡು ಕೂರಿಸುತ್ತಿದ್ದ ಹೆಣ್ಣುಮಕ್ಕಳು ಮನೆಗೆ ಹೋದರು. ಇವೇ ವರ್ಷಗಳಲ್ಲಿ ನಾಡಿನ "ಜ್ಞಾನಾಧಾರಿತ ದುಡಿಮೆಗಾರರ ಪಾಲು" ಏರಿತು ಎಂದು ನಾವು ಭಾಷಣ ಕೇಳಿದೆವು. ಏರದೆ ಏನು ಮಾಡೀತು?

ಈಗ "ಮೊದಲು ಪ್ರತಿಭೆ, ಆಮೇಲೆ ಉದ್ಯಮ" ಎಂಬ ಮಾತಿಗೆ ಬರೋಣ. ಈ ಮಾತನ್ನು ಹೇಳುವವರು ಸಾಕ್ಷಿಯಾಗಿ ತೋರಿಸುವುದು ಬೆಂಗಳೂರನ್ನೇ. ಆದರೆ ಬೆಂಗಳೂರಿನ ಚರಿತ್ರೆ ಅವರ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾಗಿ ಸುಮಾರು ನೂರೈವತ್ತು ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಗಣಿ ಮುಟ್ಟಿದ್ದು 1902ರಲ್ಲಿ. ಆಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಗಣಿಯಿತ್ತು, ಗಣಿಗೆ ವಿದ್ಯುತ್ ಬೇಕಿತ್ತು, ನದಿಯಿತ್ತು. ಯಂತ್ರ ಅಮೆರಿಕದಿಂದ, ಟರ್ಬೈನ್ ಸ್ವಿಟ್ಜರ್ಲೆಂಡಿನಿಂದ ಬಂದವು. ಅವುಗಳ ಜೊತೆ ಕೆಲಸ ಮಾಡುತ್ತ ಮಾಡುತ್ತ ಇಲ್ಲಿನವರು ಕಲಿತರು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಸಿದ್ದು 1917ರಲ್ಲಿ. ವಿದ್ಯುತ್ತು ಮೊದಲು, ಕಟ್ಟೆ ಆಮೇಲೆ, ಕಾಲೇಜು ಅದರ ನಂತರ. ಕೆಲಸ ಕಣ್ಣೆದುರು ರಾಶಿ ಬಿದ್ದಾಗ ಅದಕ್ಕೆ ಬೇಕಾದ ಜನರನ್ನು ತಯಾರು ಮಾಡಿದರು.

ಇದು ಒಂದು ಸಲ ನಡೆದ ಆಕಸ್ಮಿಕವೂ ಅಲ್ಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರಕಾರದ ಜೊತೆ ಸೇರಿ ಇಂದಿನ ಎಚ್‌ಎಎಲ್ ಆದ ವಿಮಾನ ಕಾರ್ಖಾನೆ ಹಾಕಿದ್ದು 1940ರ ಕೊನೆಗೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಬಂದದ್ದು 1942ರಲ್ಲಿ. ಹತ್ತಿರದಲ್ಲಿ ಯುದ್ಧವಿಮಾನಗಳು ರಿಪೇರಿಗೆ ಬಂದು ನಿಲ್ಲುತ್ತಿರುವಾಗ ಅಂಥ ವಿಭಾಗ ಬೇಕು ಎಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಆ ವಿಭಾಗದಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆಯವರೇ ಮುಂದೆ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನ ವಿನ್ಯಾಸ ಮಾಡಿದರು, 1951ರಲ್ಲಿ ಅದು ಹಾರಿತು. ಎಚ್‌ಎಂಟಿ 1953ರದ್ದು, ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ 1962ರದ್ದು. ದೂರವಾಣಿನಗರದ ಕಾರ್ಖಾನೆ 1948ರಲ್ಲಿ, ಜಾಲಹಳ್ಳಿಯ ಬಿಇಎಲ್ 1954ರಲ್ಲಿ. ಇವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ರಾಜಾಜಿನಗರದಲ್ಲಿ, ಪೀಣ್ಯದಲ್ಲಿ ಎದ್ದವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಇಳಿದಾಗ ಎಲೆಕ್ಟ್ರಾನಿಕ್ಸ್ ಎಂದರೆ ಏನೆಂದು ಬೆರಳ ತುದಿಯಿಂದ ಬಲ್ಲ ಒಂದು ಊರು ಮೂವತ್ತೇಳು ವರ್ಷದಿಂದ ತಯಾರಾಗಿ ಕೂತಿತ್ತು. ಈ ಮೂವತ್ತೇಳು ವರ್ಷವನ್ನು ಹಾರಿಸಿ, 1985ರಿಂದ ಕತೆ ಶುರುಮಾಡಿ, ಇಂಗ್ಲಿಷ್ ಬಲ್ಲ ಪದವೀಧರರು ಇದ್ದರು ಅದಕ್ಕೇ ಕಂಪನಿಗಳು ಬಂದವು, ನೀವೂ ಪದವೀಧರರನ್ನು ತಯಾರಿಸಿ ಎಂದು ಗದಗಕ್ಕೂ ಚಾಮರಾಜನಗರಕ್ಕೂ ಹೇಳುವುದು ಗದ್ದೆ ತೋರಿಸದೆ ಅಕ್ಕಿ ಮೂಟೆ ಮಾತ್ರ ತೋರಿಸಿದ ಹಾಗೆ.

ಪೀಣ್ಯದ ಮಾತು ಬಂತಲ್ಲ, ಒಂದು ಶೆಡ್ಡಿನ ವಿಷಯ ಹೇಳಲೇಬೇಕು. ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅದರ ಮುಂದಾಳು. ಕೆಲಸಕ್ಕೆ ಸೇರಿದ ಬಹುಪಾಲು ಹುಡುಗರು ಉಪಗ್ರಹವನ್ನು ಕಣ್ಣಿನಿಂದ ಕಂಡವರಲ್ಲ. 360 ಕಿಲೋ ತೂಕದ ಆ ಯಂತ್ರ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದಾಗ ಅದರ ಸಂಕೇತ ಹಿಡಿಯಲು ಬೆಂಗಳೂರಿನಲ್ಲಿ ಜಾಗವಿಲ್ಲದೆ ಶೌಚಾಲಯವೊಂದನ್ನೇ ಮಾಹಿತಿ ಗ್ರಹಣ ಕೇಂದ್ರ ಮಾಡಿಕೊಂಡಿದ್ದರು. ಆ ವರ್ಷ ಬೆಂಗಳೂರಿನ ದುಡಿಮೆಗಾರರಲ್ಲಿ ವಿಜ್ಞಾನಿ-ಎಂಜಿನಿಯರುಗಳ ಪಾಲು ಇವತ್ತಿನದಕ್ಕೆ ಹೋಲಿಸಿದರೆ ಲೆಕ್ಕಕ್ಕೇ ಇಲ್ಲ. ಮುಂದೆ ಒಂದು ಕೆಲಸವಿತ್ತು, ಅದನ್ನು ಇಂತಿಷ್ಟು ದಿನದಲ್ಲಿ ಮಾಡಿ ಮುಗಿಸಬೇಕಿತ್ತು, ಅದಕ್ಕೆ ಸರಕಾರದ ದುಡ್ಡಿತ್ತು.

ಇಸ್ರೋದ ನೇಮಕಾತಿ ಪ್ರಕಟಣೆಯನ್ನು ಇವತ್ತು ತೆಗೆದು ಓದಿದರೂ ಗೊತ್ತಾಗುತ್ತದೆ. ವಿಜ್ಞಾನಿ/ಎಂಜಿನಿಯರ್ ಹುದ್ದೆಯ ಕೆಳಗೆ ಡಿಪ್ಲೊಮಾದವರಿಗೆ ಟೆಕ್ನಿಕಲ್ ಅಸಿಸ್ಟೆಂಟ್, ಐಟಿಐ ಮುಗಿಸಿದ ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್‌ಗಳಿಗೆ ಟೆಕ್ನಿಷಿಯನ್-ಬಿ. ರಾಕೆಟ್ಟಿನ ಬೆಸುಗೆ ಬಿಟ್ಟುಕೊಂಡರೆ ಯಾವ ಡಾಕ್ಟರೇಟೂ ಅದನ್ನು ಹಿಡಿದು ನಿಲ್ಲಿಸುವುದಿಲ್ಲ ಎಂಬುದು ಆ ಸಂಸ್ಥೆಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಕಂಬ ನಿಲ್ಲಿಸುವವರಿಗೆ.

ಎದುರಾಳಿಯ ಬಳಿ ಒಂದು ಗಟ್ಟಿ ಮಾತಿದೆ, ಅದನ್ನು ಕದ್ದು ದಾಟುವುದು ನ್ಯಾಯವಲ್ಲ. ಎನ್ರಿಕೊ ಮೊರೆಟ್ಟಿ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ನಗರಗಳ ಲೆಕ್ಕ ಹಾಕಿ 2012ರ ತನ್ನ ಪುಸ್ತಕದಲ್ಲಿ, ಹೈಟೆಕ್ ಉದ್ಯಮದ ಒಂದು ಕೆಲಸ ಕಾಲಕ್ರಮದಲ್ಲಿ ಅದೇ ಊರಿನಲ್ಲಿ ಬೇರೆ ಐದು ಕೆಲಸ ಹುಟ್ಟಿಸುತ್ತದೆ ಎಂದ. ಎರಡು ವೈದ್ಯ, ವಕೀಲರಂಥವರಿಗೆ, ಮೂರು ಅಂಗಡಿ, ಹೋಟೆಲಿನವರಿಗೆ. ನಮ್ಮಲ್ಲೂ ಇದು ಸುಳ್ಳಲ್ಲ. ಬೆಂಗಳೂರಿನ ಗಗನಚುಂಬಿ ಕಟ್ಟಡಗಳ ಸೆಂಟ್ರಿಂಗಿಗೆ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದ ಕುಟುಂಬಗಳು ನಿಂತಿವೆ, ಅಲ್ಲಿಂದ ಊರಿಗೆ ಹೋದ ದುಡ್ಡಿನಲ್ಲಿ ಮಕ್ಕಳು ಓದಿದ್ದಾರೆ. ಒಪ್ಪಿದೆ. ಆದರೆ ಮೊರೆಟ್ಟಿ ಎಣಿಸಿದ್ದು ಉದ್ಯಮದಲ್ಲಿ ಹುಟ್ಟಿದ ಕೆಲಸವನ್ನು, ಕಾಲೇಜಿನಲ್ಲಿ ಹುಟ್ಟಿದ ಪದವಿಯನ್ನಲ್ಲ. ನಮ್ಮವರು ಆ ಐದರ ಗುಣಾಕಾರವನ್ನು ಪದವಿಗೆ ಅಂಟಿಸಿಬಿಟ್ಟರು. ಪದವಿಗೆ ಅಂಥ ಯಾವ ಗುಣಾಕಾರವೂ ಇಲ್ಲ. ಪದವಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತದೆ, ಊರಿನಲ್ಲಿ ಉಳಿಯುವುದು ಅಪ್ಪ ಮಾಡಿದ ಶಿಕ್ಷಣ ಸಾಲ. ನಾನು ಪಾಠ ಮಾಡಿದ ಊರಿನಿಂದಲೇ ಹಾಗೆ ಹೋದ ಬಸ್ಸುಗಳನ್ನು ಎಣಿಸಿದ್ದೇನೆ.

ಇನ್ನು ಪ್ರದೇಶ ಎಂಬ ಮಾತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಹೇಳಿತು. 2011ರ ಜನಗಣತಿಯಲ್ಲಿ ರಾಜ್ಯದ ದುಡಿಮೆಗಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬೇಸಾಯಗಾರರು ಅಥವಾ ಕೃಷಿ ಕೂಲಿಕಾರರು. ಬೆಂಗಳೂರಿನ ಅಂಕಿಯನ್ನೂ ಇವರ ಅಂಕಿಯನ್ನೂ ಒಂದೇ ಪಾತ್ರೆಯಲ್ಲಿ ಕಲಸಿ "ಕರ್ನಾಟಕದ ಪಾಲು" ಎಂದು ಬಡಿಸಿದರೆ ಅದು ಯಾರ ಹೊಟ್ಟೆಗೂ ಊಟವಲ್ಲ. ಬೇಸಾಯದ ಅರ್ಧಕ್ಕೆ ವಿಜ್ಞಾನ ಬೇಡವೇ? ಬೇಕು, ಆದರೆ ಅದು ಪಾಲಿನ ಲೆಕ್ಕದಲ್ಲಿ ಬರುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಮದುವೆ ಮಾಡಿಸಿ ಇಂಡಾಫ್ ತಳಿಗಳನ್ನು ತೆಗೆದ ಲಕ್ಷ್ಮಣಯ್ಯನವರನ್ನು ಹಳೇ ಮೈಸೂರಿನ ರೈತರು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಕಂಬದ ಲೆಕ್ಕದಲ್ಲಿ ಅವರು ಒಂದು ತಲೆ. ಎಷ್ಟು ಕಣಜ ತುಂಬಿತು ಎಂಬುದಕ್ಕೆ ಆ ಕಂಬದಲ್ಲಿ ಜಾಗವಿಲ್ಲ. ಒಂದು ತಲೆಗೆ ಸರಿಯಾದ ಕೆಲಸ, ಭೂಮಿ, ಹತ್ತಾರು ವರ್ಷದ ತಾಳ್ಮೆ ಕೊಟ್ಟಿದ್ದು ಅಲ್ಲಿ ಮುಖ್ಯವಾಯಿತು.

ಆ ತಾಳ್ಮೆಗೆ ದುಡ್ಡು ಬೇಕು. ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ದೇಶದ ಉತ್ಪನ್ನದ ನೂರಕ್ಕೆ 0.64ರಷ್ಟು, 2020-21ರ ಲೆಕ್ಕ. ಆಗ ಹತ್ತು ಲಕ್ಷ ಜನಕ್ಕೆ ನಮ್ಮಲ್ಲಿ ಇದ್ದ ಸಂಶೋಧಕರು 262. ಎಂಜಿನಿಯರುಗಳ ಸಂಖ್ಯೆಯಲ್ಲಿ ಜಗತ್ತನ್ನೇ ಹೆದರಿಸುವ ದೇಶದ ಅಂಕಿ ಇದು. ವರ್ಷ ವರ್ಷ ಲಕ್ಷಗಟ್ಟಲೆ ಪದವಿ ಹೊರಬೀಳುತ್ತವೆ, ಹೊಸದನ್ನು ಹುಡುಕುವ ಕುರ್ಚಿಗಳು ಇಷ್ಟೇ. ಮಿಕ್ಕವರು ಎಲ್ಲಿಗೆ ಹೋದರು? ಬೇರೆ ದೇಶದ ಬ್ಯಾಂಕಿನ ಹಳೆಯ ತಂತ್ರಾಂಶಕ್ಕೆ ತೇಪೆ ಹಾಕಲು. ಆ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಅದರಿಂದ ಸಾವಿರಾರು ಮನೆಗಳು ಬೆಳಗಿವೆ, ನನ್ನ ಮನೆಯೂ ಒಂದು. ಆದರೆ ಅದನ್ನು ವಿಜ್ಞಾನದ ಪಾಲು ಎಂದು ಕರೆದು ತೃಪ್ತಿಪಡುವವರಿಗೆ ಒಂದು ಸರಳ ಸಂಗತಿ ನೆನಪಿಸಬೇಕು. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲ ವರ್ಷಕ್ಕೆ ಮೂರು, ಮೂರೂವರೆ ಲಕ್ಷದಲ್ಲೇ ನಿಂತಿತ್ತು. ಅಷ್ಟರಲ್ಲಿ ಕಾಲೇಜಿನ ಫೀಸು, ಬಾಡಿಗೆ, ಮಸಾಲೆದೋಸೆ ಎಲ್ಲ ಎಲ್ಲಿಂದ ಎಲ್ಲಿಗೋ ಹೋದವು. ಒಂದು ಸರಕು ನಿಜಕ್ಕೂ ಕೊರತೆಯಲ್ಲಿದ್ದರೆ ಅದರ ಬೆಲೆ ಏರುತ್ತದೆ ಎಂಬುದು ಸಂತೆಯ ಟೊಮೆಟೊ ಮಾರುವವಳಿಗೂ ಗೊತ್ತು. ಎಂಜಿನಿಯರುಗಳ ಕೊರತೆ ಎಂದು ಕೂಗುವವರು ಬೆಲೆ ಏರಿಸಲಿಲ್ಲ, ಸೀಟು ಏರಿಸಿ ಎಂದರು.

ಸೀಟು ಏರಿತು ಕೂಡ. ಇದರ ಕತೆಯನ್ನು ನಾನು ಉದ್ದ ಮಾಡುವುದಿಲ್ಲ, ಓದುಗರಿಗೆ ಮನೆ ಮನೆಯಲ್ಲೂ ಗೊತ್ತು. ಸೀಟಿಗೆ ಡೊನೇಷನ್ ವಸೂಲಿ ತಡೆಯಲು ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಬೇಕಾಯಿತು ಎಂದರೆ ವ್ಯಾಪಾರ ಎಷ್ಟು ಹಳೆಯದು ನೋಡಿ. ಈಗ ಕಂಪ್ಯೂಟರ್ ಸೈನ್ಸಿನ ಸೀಟುಗಳು ವರ್ಷ ವರ್ಷ ಹೆಚ್ಚುತ್ತಿವೆ. ಮೆಕ್ಯಾನಿಕಲ್, ಸಿವಿಲ್ ವಿಭಾಗಗಳು ಖಾಲಿ ಬೆಂಚುಗಳಿಗೆ ಪಾಠ ಹೇಳುತ್ತಿವೆ, ಕೆಲವು ಕಡೆ ಬೀಗವೇ ಬಿತ್ತು. ಕಂಬಕ್ಕೆ ಇದರ ಪರಿವೆಯಿಲ್ಲ. ಅದಕ್ಕೆ ತಲೆ ಸಿಕ್ಕರೆ ಸಾಕು. ಸೇತುವೆ ಬೀಳದಂತೆ ನೋಡಿಕೊಳ್ಳುವ ತಲೆಯೂ, ಜಾಹೀರಾತನ್ನು ಯಾರ ಫೋನಿಗೆ ತಳ್ಳಬೇಕೆಂದು ಲೆಕ್ಕಹಾಕುವ ತಲೆಯೂ ಅದಕ್ಕೆ ಒಂದೇ ಇಟ್ಟಿಗೆ.

ಹಾಗಾದರೆ ಏನು ಎಣಿಸಬೇಕು ಎಂದು ಆ ಸಲಹೆಗಾರರು ಊಟದ ಹೊತ್ತಿಗೆ ನನ್ನನ್ನು ಕೇಳಿದರು. ಸಭ್ಯ ಮನುಷ್ಯ, ನಿಜವಾಗಿಯೇ ಕೇಳಿದರು. ಈ ಜಿಲ್ಲೆಯಲ್ಲಿ ಏನೇನು ಕೆಟ್ಟು ಕೂತಿದೆ ಎಂದು ಎಣಿಸಿ ಎಂದೆ. ಅಡಿಕೆ ಮರ ಹತ್ತುವವರು ಸಿಗದೆ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಪ್ರತಿ ಮಳೆಗಾಲ ತಡವಾಗುತ್ತದೆ. ಅದಕ್ಕೆ ಯಂತ್ರ ಬೇಕು, ರೈತರೇ ತೋಟದಲ್ಲಿ ತಡವುತ್ತಿದ್ದಾರೆ. ಆಸ್ಪತ್ರೆಯಲ್ಲಿ ಸಣ್ಣ ರಿಪೇರಿಗೆ ಕಾದು ಕೂತ ಯಂತ್ರಗಳಿವೆ. ಕೆರೆಯ ತೂಬು ಸರಿಮಾಡುವವರು ಮುದುಕರಾದರು. ಇದೆಲ್ಲ ಎಂಜಿನಿಯರಿಂಗೇ. ಈ ಕೆಲಸಗಳಿಗೆ ಸಂಬಳ ಇಟ್ಟು ಹುದ್ದೆ ತೆರೆದರೆ ಓದಿ ಹೊರಗೆ ಹೋದ ಮಕ್ಕಳು ಅರ್ಧ ಸಂಬಳಕ್ಕಾದರೂ ವಾಪಸು ಬರುತ್ತಾರೆ, ಐಟಿಐ ಹುಡುಗರಿಗೆ ಊರಿನಲ್ಲೇ ಕೈತುಂಬ ಕೆಲಸ. ಅವರು ಬರೆದುಕೊಂಡರು. ಮುದ್ರಿತ ವರದಿಯಲ್ಲಿ ಅದೊಂದೂ ಇರಲಿಲ್ಲ. ಕಂಬಗಳಿದ್ದವು, ಬಣ್ಣದಲ್ಲಿ.

ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ. ವಿಶ್ವೇಶ್ವರಯ್ಯನವರ ಪೇಟ ಸುತ್ತಿದ ಪಟಕ್ಕೆ ಹಾರ ಹಾಕಿ, ನಮ್ಮ ನಾಡಿನಲ್ಲಿ ಇಷ್ಟು ಲಕ್ಷ ಎಂಜಿನಿಯರುಗಳು ಎಂದು ಎದೆಯುಬ್ಬಿಸುವ ದಿನ. ಅವರು ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜನ್ನು ಅವತ್ತು ಎಲ್ಲರೂ ನೆನೆಯುತ್ತಾರೆ. ಅದರಿಂದ ಒಂದು ಕೂಗಳತೆ ದೂರದಲ್ಲಿ, ಭದ್ರಾವತಿ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ಬಿಟ್ಟುಕೊಟ್ಟು, 1943ರಲ್ಲಿ ಅವರೇ ಮುಂದೆ ನಿಂತು ಮಾಡಿಸಿದ ಕಸುಬು ಕಲಿಸುವ ಸಂಸ್ಥೆ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಯಾರಿಗೂ ನೆನಪಾಗುವುದಿಲ್ಲ. ಎಂಬತ್ತು ದಾಟಿದ ಮುದುಕ ಕೊನೆಗೆ ದುಡ್ಡು ಕೊಟ್ಟದ್ದು ಕೈಕಸುಬಿನ ಶಾಲೆಗೆ ಎಂಬುದನ್ನು ಪಟಕ್ಕೆ ಹಾರ ಹಾಕುವವರು ಯೋಚಿಸಿದಂತಿಲ್ಲ. ರಾಜ್ಯದ 150 ಸರಕಾರಿ ಐಟಿಐಗಳಿಗೆ ಕೆಲವು ವರ್ಷದ ಹಿಂದೆ ಹೊಸ ಯಂತ್ರಗಳು ಬಂದಿವೆ. ಒಳ್ಳೆಯ ಕೆಲಸ. ನಮ್ಮ ಸಭೆಯಲ್ಲಿ ಅದರ ಪ್ರಸ್ತಾಪವೂ ಆಗಲಿಲ್ಲ, ಯಾಕೆಂದರೆ ಅಲ್ಲಿ ಕಲಿತು ಹೊರಬೀಳುವವರು ಕಂಬಕ್ಕೆ ಸೇರುವುದಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ಹಾರ ಕೊಳ್ಳುವ ಮುಂಚೆ ನಿಮ್ಮ ತಾಲ್ಲೂಕಿನ ಐಟಿಐಗೆ ಒಮ್ಮೆ ಹೋಗಿ ಬನ್ನಿ. ವರ್ಕ್‌ಶಾಪಿನ ಬೀಗ ತೆಗೆಸಿ. ಯಂತ್ರ ಓಡುತ್ತಿದೆಯೇ, ಕಲಿಸುವ ಮೇಷ್ಟ್ರು ಕಾಯಮ್ಮೋ ಅತಿಥಿಯೋ, ಕಳೆದ ವರ್ಷ ಕಲಿತ ಹುಡುಗ ಹುಡುಗಿಯರು ಈಗ ಎಲ್ಲಿ ಎಷ್ಟಕ್ಕೆ ದುಡಿಯುತ್ತಿದ್ದಾರೆ ಎಂದು ಕೇಳಿ. ಸಿಕ್ಕ ಉತ್ತರವನ್ನು ನಿಮ್ಮ ಶಾಸಕರಿಗೆ ಬರೆದು ಕಳಿಸಿ.